ಅರ್ಜಿದಾರಳ ಹೆಬ್ಬೆಟ್ಟು

ಮೇಯೋ ಹಾಲ್ ಕೋರ್ಟಿನ ಎದುರು, ಝೆರಾಕ್ಸ್ ಅಂಗಡಿಯ ಮೆಟ್ಟಿಲ ಕೆಳಗೆ
ನನ್ನ ಮೇಜು. ಒಂದು ಕಾಲಿಗೆ ಇಟ್ಟಿಗೆ ಚೂರು.
ಚೆಕ್ ಬೌನ್ಸು, ಬಾಡಿಗೆ ತಕರಾರು, ಹೆಸರು ಬದಲಾವಣೆ,
ಮೂವತ್ತೊಂದು ವರ್ಷ ಕುಟ್ಟಿದ್ದೇನೆ ಈ ಊರಿನ ಜಗಳಗಳನ್ನು.
ಇಂಥದೊಂದು ಬಂದಿರಲಿಲ್ಲ.

ಮುನಿಚೌಡಮ್ಮ, ನಿವೃತ್ತ ಕಂಡಕ್ಟರ್, ವಾಸ ಕೊತ್ತನೂರು ದಿಣ್ಣೆ,
ಮಜ್ಜಿಗೆ ಪ್ಯಾಕೆಟ್ಟಿನ ಮೂಲೆ ಹಲ್ಲಲ್ಲಿ ಹರಿದು ಹೇಳಿದರು:
ರಾಯಪ್ಪಾರೇ, ಬರ್ಕೊಳ್ಳಿ, ನಾನು ಮೋಸ ಮಾಡಿಲ್ಲ.
ಯಾರಿಗಮ್ಮಾ?
ಆಟಕ್ಕೆ.

ಬಣ್ಣಬಣ್ಣದ ಮೀನು ಸುರಿಯುವ ಆಟವಂತೆ,
ತಳ ಮುಟ್ಟುವ ಮೊದಲು ಜೋಡಿ ಜೋಡಿ ಹೆಕ್ಕಬೇಕು.
ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಕೂರುತ್ತಾರೆ,
ಮೊದಲ ಪಾಳಿಯ ಹೊತ್ತು. ಅವರ ನಿದ್ದೆಗೆ
ನಿವೃತ್ತಿಯ ಆರ್ಡರು ಇನ್ನೂ ತಲುಪಿಲ್ಲ.
ಏಳುನೂರ ಹನ್ನೆರಡನೇ ಹಂತದಲ್ಲಿ, ಹೋದ ಸೋಮವಾರ,
ಪರದೆ ಬೂದಿಯಾಯಿತು:
ನಿಮ್ಮ ಖಾತೆ ಮುಚ್ಚಲಾಗಿದೆ. ಈ ಬೆರಳಿನ ವೇಗ ಮನುಷ್ಯರದ್ದಲ್ಲ.

ಮೆಜೆಸ್ಟಿಕ್ಕಿನಿಂದ ಕಾಡುಗೋಡಿ, ತುಂಬಿದ ಬಸ್ಸು,
ಬೆರಳ ಸಂದಿಯಲ್ಲಿ ಮಡಿಸಿದ ನೋಟು, ತುಟಿಯಲ್ಲಿ ಸೀಟಿ,
ಟಿಕೆಟ್ಟು ಹರಿದು ಹರಿದು ಹೆಬ್ಬೆರಳ ತುದಿ
ಹಳೇ ಬೆಲ್ಲದ ಹಾಗೆ ಗಟ್ಟಿ.
ಎರಡು ಸ್ಟಾಪಿನ ನಡುವೆ ನಲವತ್ತು ಜನ,
ಚಿಲ್ಲರೆ ಕೊಟ್ಟು, ಬೈಸಿಕೊಂಡು, ಬೈದು.
ಆಗ ಯಾರಾದರೂ ಅಂದರಾ ಇವಳು ಮನುಷ್ಯಳಲ್ಲ ಅಂತ?
ಅಂದಿದ್ದರು ಬಿಡಿ. ಬೇರೆ ಅರ್ಥದಲ್ಲಿ.

ಮೇಲ್ಮನವಿ ಕಳಿಸಿದ್ದಾರೆ. ನಾಲ್ಕೇ ಸೆಕೆಂಡಿಗೆ ಉತ್ತರ:
ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ.
(ಅದರ ವೇಗ ಯಾರೂ ಅಳೆಯಲಿಲ್ಲ.)
ತಂಗಿಯ ಮಗಳು ವಿಡಿಯೋ ಮಾಡಿ ಬಿಟ್ಟಳು,
ರಾತ್ರಿ ಕಳೆಯುವುದರಲ್ಲಿ ಇವರು ‘ಹ್ಯಾಕರ್ ಅಜ್ಜಿ’.
ಆಟಗಳನ್ನೆಲ್ಲ ನಿಷೇಧಿಸಿ ಎಂದು ಕೂಗಿದ ಚಾನೆಲ್ಲಿನವನು
ನಡುವೆ ರಮ್ಮಿಯ ಜಾಹೀರಾತಿಗೆ ಜಾಗ ಬಿಟ್ಟುಕೊಟ್ಟ.

ನಾನು ಕೇಳಿದೆ: ಕಳೆದದ್ದು ಏನು ಅಂತ ಬರೆಯಲಿ?
ಸ್ವತ್ತು ಸ್ಥಿರವೋ, ಚರವೋ?
ಚಕ್ಕುಬಂದಿ ಹಾಕೋಣವೆಂದರೆ
ಪೂರ್ವಕ್ಕೆ ಗಾಜು, ಪಶ್ಚಿಮಕ್ಕೆ ಗಾಜು,
ಉತ್ತರಕ್ಕೆ ಚಾರ್ಜರು,
ದಕ್ಷಿಣಕ್ಕೆ ಅರ್ಜಿದಾರಳ ಸೆರಗು.

ವಕೀಲೆ ಅರ್ಷಿಯಾ ಟೀ ಕುಡಿಯುತ್ತ ಬಗ್ಗಿ ನೋಡಿ ನಕ್ಕಳು.
ಮೀನು ನಿಮ್ಮದಲ್ಲಮ್ಮ, ಯಾವತ್ತೂ ಆಗಿರಲಿಲ್ಲ.
ನಲವತ್ಮೂರು ಪುಟ ಷರತ್ತಿದೆ, ನೀವು ಒಪ್ಪಿದ್ದೀರಿ.
ತಕರಾರಿದ್ದರೆ ಏಳು ಸಮುದ್ರದಾಚೆಯ ಒಂದು ಜಿಲ್ಲೆ,
ಅಲ್ಲಿಯ ಕೋರ್ಟಿಗೇ ಹೋಗಬೇಕು.
ಅಲ್ಲಿಗೆ ಎಷ್ಟನೇ ನಂಬರಿನ ಬಸ್ಸು? ಎಂದರು ಮುನಿಚೌಡಮ್ಮ.
ಅರ್ಷಿಯಾ ಆಮೇಲೆ ನಗಲಿಲ್ಲ.

ಅವರೇ ಮುಂದುವರಿಸಿದರು, ಹೆಬ್ಬೆರಳು ನೋಡಿಕೊಳ್ಳುತ್ತ.
ನಮ್ಮಜ್ಜಿ ಸಾಹುಕಾರನ ಪತ್ರಕ್ಕೆ ಒತ್ತಿದ್ದು ಇದೇ.
ಓದು ಬರಹ ಇಲ್ಲ, ಹೆಬ್ಬೆಟ್ಟು.
ನಾನು ಎಸ್ಸೆಸ್ಸೆಲ್ಸಿ, ಫಸ್ಟ್ ಕ್ಲಾಸ್.
‘ಒಪ್ಪಿದ್ದೇನೆ’ ಅನ್ನೋದರ ಮೇಲೆ ನಾನು ಒತ್ತಿದ್ದೂ
ಇದನ್ನೇ ಅಲ್ಲವಾ?
ಅಜ್ಜಿಗಾದರೂ ಸಾಹುಕಾರನ ಮನೆ ಗೊತ್ತಿತ್ತು,
ಬಾಗಿಲಿಗೆ ಹೋಗಿ ಮಣ್ಣು ತೂರುತ್ತಿದ್ದಳು.

ನಾನು ಕುಟ್ಟಿದೆ. ತಲೆ ಎತ್ತದೆ, ಕೀಲಿ ನೋಡದೆ.
ನನ್ನ ಬೆರಳನ್ನೂ ಯಾರಾದರೂ ಅಳೆಯುತ್ತಿದ್ದಾರೆಯೇ
ಎಂದು ಒಮ್ಮೆ ನಿಧಾನಿಸಿದ್ದು ನಿಜ.
ಪುಟ ಮುಗಿದಾಗ ಮೇಲ್ಗಡೆ ಒಂದು ಸಾಲು ಖಾಲಿ ಉಳಿದಿತ್ತು:
‘ಗೆ,’
ಯಾರಿಗೆ ಅಂತ ಹಾಕಲಮ್ಮ? ಹೆಸರಿಲ್ಲ, ಹುದ್ದೆಯಿಲ್ಲ.

ಮಜ್ಜಿಗೆಯ ಕೊನೆಯ ಹನಿ ಎಳೆದು, ಕವರು ಮಡಿಸಿ,
ಹಳೇ ಅಭ್ಯಾಸಕ್ಕೆ ಬೆರಳ ಸಂದಿಗೆ ಸಿಕ್ಕಿಸಿಕೊಂಡು,
ಹಾಕಿ, ಎಂದರು,
ಒಳಗೆ ಮನುಷ್ಯರು ಯಾರಾದರೂ ಇದ್ದರೆ, ಅವರಿಗೆ.