ವಿಲೇವಾರಿ

ಎಸ್ಬಿಯರ್ ಬಂದರಿನ ಪೊಲೀಸ್ ಠಾಣೆಯ ನೆಲಮಾಳಿಗೆಯಲ್ಲಿ
ಹತ್ತೊಂಬತ್ತು ವರ್ಷದಿಂದ ನಾನು
ಪುರಾವೆಗಳಿಗೆ ನಂಬರು ಹಚ್ಚುವವಳು.
ಕದ್ದ ಸೈಕಲ್ಲು, ನೆತ್ತರಂಟಿದ ಸುತ್ತಿಗೆ,
ಬೆಕ್ಕಿನ ಗೊಂಬೆಯ ಹೊಟ್ಟೆಯಲ್ಲಿ ಸಿಕ್ಕ ಬಿಳಿ ಪುಡಿ.
ಯಾವುದಕ್ಕೂ ನನ್ನಲ್ಲಿ ಮಡಿಯಿಲ್ಲ, ಮೈಲಿಗೆಯಿಲ್ಲ.

ಮಾರ್ಚಿನಲ್ಲಿ ಅದು ಬಂತು, ಪಾರದರ್ಶಕ ಚೀಲದಲ್ಲಿ:
ಅರ್ಧ ಸುಟ್ಟ ಧರ್ಮಗ್ರಂಥ,
ಜೊತೆಗೆ ಅಂಗಡಿಯ ರಸೀದಿ, ನೂರಾ ಹತ್ತು ಕ್ರೋನರ್,
ಮೂರು ಕಡ್ಡಿ ಉಳಿದ ಬೆಂಕಿಪೊಟ್ಟಣ.
ಸುಟ್ಟವನು ಪ್ರೆಬೆನ್, ದೋಣಿ ಎಂಜಿನ್ ರಿಪೇರಿಯವನು,
ಸಂತೆ ಚೌಕದಲ್ಲಿ, ಹಾಡುಹಗಲೇ, ಮೊಬೈಲಿಗೆ ಮುಖ ಕೊಟ್ಟು.
'ದುಡ್ಡು ನನ್ನದು, ಪುಸ್ತಕ ನನ್ನದು, ಕಡ್ಡಿಯೂ ನನ್ನದು'
ಎಂದನಂತೆ. ಹೊಸ ಕಾನೂನು ಕೇಳಲಿಲ್ಲ.

ಚೀಲದ ಬಾಯಿ ಕಟ್ಟಿದ್ದರೂ ವಾಸನೆ ಬರುತ್ತಿತ್ತು,
ಒದ್ದೆ ಉಣ್ಣೆ ಒಲೆಗೆ ತಾಗಿದ ಹಾಗೆ.
ಕೆಳಗಿನ ಹಲಗೆಯಲ್ಲಿ ಜಾಗವಿತ್ತು. ಇಟ್ಟೆ.

ರಾತ್ರಿ ನೆಲ ಒರೆಸುವ ಉಬಾಹ್ ನೋಡಿದಳು.
ಮೂರು ರಾತ್ರಿ ಸುಮ್ಮನಿದ್ದಳು.
ಆ ಹಲಗೆಯ ಮುಂದೆ ಮಾತ್ರ ಬಕೆಟ್ಟು ದೂರ ಸರಿಸಿ
ಬಗ್ಗಿ, ಕೈಬಟ್ಟೆಯಲ್ಲಿ ಒರೆಸುತ್ತಿದ್ದಳು.
ನಾಲ್ಕನೆಯ ರಾತ್ರಿ: 'ಅದನ್ನು ಸ್ವಲ್ಪ ಮೇಲೆ ಇಡಬಹುದಾ?'
ಏಣಿ ಹತ್ತಿ ಇಟ್ಟೆ, ಸೂರಿಗೆ ತಾಗುವ ಹಲಗೆಯಲ್ಲಿ.
ದಾಖಲೆ ತಿದ್ದಲಿಲ್ಲ.
ಹತ್ತೊಂಬತ್ತು ವರ್ಷದಲ್ಲಿ ನನ್ನ ಮೊದಲ ಸುಳ್ಳು.

'ಅವನಿಗೆ ಜೈಲಾಗಲಿ ಅನ್ನಿಸುತ್ತದಾ?'
ಬಟ್ಟೆ ಹಿಂಡುತ್ತ ಹಿಂಡುತ್ತ ತಡವಾಗಿ ಹೇಳಿದಳು:
ಬೈದೋವಾದಲ್ಲಿ ಅವಳ ಸೋದರಮಾವ ಮೇಷ್ಟರು.
ಹುಡುಗರು ಯೋಚಿಸಲೆಂದು
ದೇವರ ಬಗ್ಗೆ ಒಂದು ಪ್ರಶ್ನೆ ಬರೆದರು.
ಪುರಾವೆಗೆಂದು ಕರಿಹಲಗೆಯನ್ನೇ ಹೊತ್ತೊಯ್ದರು. ಮಾವನನ್ನೂ.
ಹಲಗೆ ವಾಪಸು ಬಂತು, ಒರೆಸಿದ್ದು.
'ಪುಸ್ತಕ ಸುಟ್ಟರೆ ನನ್ನ ಎದೆ ಸುಡುತ್ತದೆ.
ಆದರೆ ಮಾವನನ್ನು ನುಂಗಿದ ಬಾಗಿಲು ನನಗೆ ಗೊತ್ತು.
ಅದು ಯಾರ ಮುಖವನ್ನೂ ನೋಡಿ ತೆರೆಯುವುದಿಲ್ಲ.'

ನನ್ನಪ್ಪ, ಅಣ್ಣನ ದೋಣಿ ಮರಳದ ವರ್ಷ,
ಇಗರ್ಜಿಯ ಸ್ತೋತ್ರದ ಪುಸ್ತಕವನ್ನು
ಹಡಗುಕಟ್ಟೆಯಿಂದ ಕಡಲಿಗೆ ಬೀಸಿ ಒಗೆದ,
ಆಡಬಾರದ್ದೆಲ್ಲ ಆಡಿದ, ಮುಗಿಲಿಗೆ ಮುಖ ಮಾಡಿ.
ಮರುವಾರ ಪಾದ್ರಿ ಬೇರೊಂದು ಪ್ರತಿ ತಂದು ಕೊಟ್ಟ,
ಏನೂ ಅನ್ನದೆ ಕಾಫಿ ಕುಡಿದು ಹೋದ.
ಇದನ್ನು ಉಬಾಹ್‌ಗೆ ಹೇಳಿದೆನೋ ಇಲ್ಲವೋ.
ಪ್ರೆಬೆನ್ ಮನೆಯಲ್ಲಿ ಯಾರೂ ಸತ್ತಿರಲಿಲ್ಲ.
ಅವನು ನೋಯಿಸಲೆಂದೇ ಸುಟ್ಟ. ಅದೂ ಗೊತ್ತು.

ತೀರ್ಪಾಯಿತು, ದಂಡ. ಅಪೀಲಿಲ್ಲ.
ಹಳದಿ ಕಾಗದ ಮೆಟ್ಟಿಲಿಳಿದು ಬಂತು:
ವಸ್ತು ೪೧೭, ವಿಲೇವಾರಿ ಮಾಡುವುದು.
ವಿಲೇವಾರಿ ಅಂದರೆ ನಮ್ಮಲ್ಲಿ ಒಂದೇ.
ಗುರುವಾರದ ಲಾರಿ, ಊರಾಚೆಯ ಕಸದ ಕುಲುಮೆ,
ಗಾಂಜಾ, ಖೋಟಾ ಬೂಟು, ಎಲ್ಲಕ್ಕೂ ಅದೇ ಬೆಂಕಿ.

ನಾನು ನಕ್ಕುಬಿಟ್ಟೆ. ಉಬಾಹ್ ನಗಲಿಲ್ಲ.
'ಜೀರ್ಣವಾದ ಪುಟಗಳನ್ನು ನಮ್ಮಲ್ಲೂ ಕೆಲವರು ಸುಡುತ್ತಾರೆ,' ಅಂದಳು,
'ಇಲ್ಲವೇ ಬಟ್ಟೆ ಸುತ್ತಿ ಹೂಳುವುದು.
ಕೈ ಸರಿಯಿದ್ದರೆ ಬೆಂಕಿಯೂ ಸರಿ.'

ನಮೂನೆಯಲ್ಲಿ ಕೈಗೆ ಕಾಲಮ್ಮಿಲ್ಲ.
ದಿನಾಂಕ, ತೂಕ, ವಿಧಾನ, ಸಹಿ.
ತೂಕ ಆರುನೂರಾ ನಲವತ್ತು ಗ್ರಾಂ, ಬೂದಿ ಸೇರಿ.

ಇವತ್ತು ಬುಧವಾರ.
ಒಗೆದು ಇಸ್ತ್ರಿ ಮಾಡಿದ ತಲೆವಸ್ತ್ರವೊಂದನ್ನು
ನನ್ನ ಮೇಜಿನ ಮೇಲಿಟ್ಟು, ಏಣಿಯನ್ನು ಗೋಡೆಗೆ ಒರಗಿಸಿ
ಉಬಾಹ್ ಮನೆಗೆ ಹೋಗಿದ್ದಾಳೆ.
'ವಿಧಾನ' ಎಂಬಲ್ಲಿ
ಪೆನ್ನು ನಿಂತಿದೆ.