ಮಡಿ ದುಡ್ಡು

ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಗುಂಡಿ, ದಾರ ಮಾರುವ ಚೂಡಾಮಣಿ
ಮೂರು ಹೆಸರಲ್ಲಿ ಅರ್ಜಿ ಹಾಕಿದಳು:
ತನ್ನದು, ನಾದಿನಿಯದು,
ಏನು ಎತ್ತ ಕೇಳದೆ ಓಟಿಪಿ ಓದಿ ಹೇಳಿದ ಅತ್ತೆಯದು.
ಕುಕ್ಕರ್ ಕಂಪನಿಯಂತೆ.
ಮನೆಯ ಕುಕ್ಕರಿಗೆ ಗ್ಯಾಸ್ಕೆಟ್ ಹೋಗಿ ತಿಂಗಳಾಯಿತು.

ಚೀಟಿ ಎತ್ತಿದ ದುಡ್ಡು
ಖಾತೆಯಲ್ಲೇ ಇದೆ, ತೆಗೆಯುವಂತಿಲ್ಲ,
ಗಳುವಿನ ಮೇಲೆ ಒಣಗುವ ಮಡಿಸೀರೆಯ ಹಾಗೆ.
ಕಾಣುತ್ತದೆ, ಮುಟ್ಟಿದರೆ ಮೈಲಿಗೆ.
ಹಾಲಿನವನಿಗೆ ಗುರುವಾರ ಬಾ ಎಂದಳು.

ಬುಧವಾರ ರಾತ್ರಿ, ಕರೆಂಟು ಹೋಗಿದ್ದಾಗ, ನೋಡಿದಳು.
ತನಗಿಲ್ಲ. ನಾದಿನಿಗಿಲ್ಲ.
ಅತ್ತೆಗೆ ಬಂದಿದೆ, ಮೂವತ್ತೇಳು ಷೇರು.

ಎಲೆಗೆ ಸುಣ್ಣ ಸವರುತ್ತಿದ್ದ ಮುದುಕಿ ಕೇಳಿದಳು:
"ಹಂಗಾರೆ ಆ ರಬ್ಬರು ಪುಕ್ಸಟ್ಟೆ ಕೊಡ್ತಾರಾ?"
ಚೂಡಾಮಣಿ ನಕ್ಕಳು, ಶುಕ್ರವಾರವೇ ಮಾರಿಬಿಡುವ ಲೆಕ್ಕ ಹೇಳಿದಳು.

ಸುಣ್ಣದ ಬೆರಳನ್ನು ಕಂಬಕ್ಕೆ ಒರೆಸಿ
"ಮಾರೋಕ್ ಮುಂಚೆ ನನ್ನೊಂದು ಮಾತು ಕೇಳವ್ವ"
ಅಂದಳು ಅತ್ತೆ.