ಎಂಬತ್ತೆಂಟು ಮನೆ

ಹನ್ನೊಂದು ನಿಮಿಷ ಹಿಡಿಯಿತು, ಅಷ್ಟೇ.
ಡುಲೂತ್ ಕೋರ್ಟಿನ ಮೂರನೇ ಮಹಡಿ, ಎದುರು ಕುರ್ಚಿ ಖಾಲಿ,
ಕಿಟಕಿಯಾಚೆ ಸರೋವರದಲ್ಲಿ ಅದಿರಿನ ಹಡಗೊಂದು
ಸೇತುವೆ ಮೇಲೇಳಲೆಂದು ಕಾದು ನಿಂತಿತ್ತು.
ಹೆಸರು ಕೂಗಿಸಿದರು ನ್ಯಾಯಾಧೀಶರು, ಎರಡು ಸಲ:
ಲೈಲ್ ಬ್ರಾಂಡ್ವೋಲ್ಡ್, ಲೈಲ್ ಬ್ರಾಂಡ್ವೋಲ್ಡ್.
ಹಡಗು ಓಗೊಟ್ಟಿತು.
ನಾಲ್ಕು ಸಾವಿರದ ಮುನ್ನೂರ ಅರವತ್ತು ಡಾಲರ್, ಮೇಲೆ ಕೋರ್ಟು ಖರ್ಚು,
ಔನೆ ರೌಟಿಯೊ ಎಂಬ ನನಗೆ ಸಲ್ಲತಕ್ಕದ್ದು.

ಗೆದ್ದವರು ಸೋತರು, ಸೋತವರು ಸತ್ತರು ಎನ್ನುತ್ತಾರೆ.
ನನ್ನ ಸೋತವನು ಸಾಯಲಿಲ್ಲ,
ಮನೆ ಬದಲಿಸಿದ.

ಅದೂ ಹೇಗೆ! ಬಿಟ್ಟದ್ದು ಒಂದು ಮನೆ,
ಹೊತ್ತುಕೊಂಡು ಹೋದದ್ದು ಎಂಬತ್ತೆಂಟು:
ಐವತ್ತೆರಡು ಬಿಳಿ, ಮೂವತ್ತಾರು ಕರಿ.
ಅವನ ಅಜ್ಜಿಯ ಪಿಯಾನೋ. ನೆಲಮಾಳಿಗೆಯ ನೀರು ಕುಡಿದು
ಹೊಟ್ಟೆ ಉಬ್ಬಿಸಿಕೊಂಡು ಬಂದಿತ್ತು ನನ್ನ ಶೆಡ್ಡಿಗೆ.
ಚಳಿಗಾಲವಿಡೀ ಅದರೊಳಗೆ ತಲೆಯಿಟ್ಟು ಕೂತೆ.
ಸುತ್ತಿಗೆಗಳಿಗೆ ಹೊಸ ಉಣ್ಣೆ, ಬಿರುಕಿಗೆ ಸ್ಪ್ರೂಸ್ ಮರದ ಚಕ್ಕೆ,
ತುಕ್ಕು ಹಿಡಿದದ್ದೆಲ್ಲ ಕಿತ್ತು ಇನ್ನೂರ ಇಪ್ಪತ್ತೇಳು ತಂತಿ.
ಅವನು ಬಂದ. ನಿಂತೇ ಏನೋ ನುಡಿಸಿದ,
ಕಣ್ಣೊರೆಸಿಕೊಂಡ, ಚೆಕ್ಕು ಬರೆದ.
ಕಣ್ಣೀರು ನಿಜವೇ ಇದ್ದೀತು.
ಚೆಕ್ಕು ವಾಪಸು ಬಂತು.

ತೀರ್ಪಿನ ನಕಲು ಚಾಚುತ್ತ ಗುಮಾಸ್ತೆ ಹೇಳಿದಳು:
"ಕೊಡುವುದು ನಮ್ಮ ಕೆಲಸ, ವಸೂಲಿ ನಿಮ್ಮದು.
ಹತ್ತು ವರ್ಷ ಜೀವ ಇರುತ್ತದೆ ಇದಕ್ಕೆ."
ನಾಯಿಮರಿ ಕೊಟ್ಟು ಕಳಿಸುವವರ ಹಾಗೆ.

ಸಾಕಿದೆ. ಅಡುಗೆಮನೆಯ ಡ್ರಾಯರಿನಲ್ಲಿ
ಸತ್ತ ಬ್ಯಾಟರಿ, ರಬ್ಬರ್ ಬ್ಯಾಂಡು, ಮೂಲಂಗಿ ಬೀಜದ ನಡುವೆ
ಬಡ್ಡಿ ತಿಂದು ಬೆಳೆಯಿತು.
ಹಾಕಿದ ಕಾಗದಗಳೆಲ್ಲ ಹಣೆಗೆ ಹಳದಿ ಚೀಟಿ ಅಂಟಿಸಿಕೊಂಡು
ತಿರುಗಿ ಬಂದವು: ಹೊರಟುಹೋಗಿದ್ದಾರೆ, ವಿಳಾಸ ತಿಳಿಸಿಲ್ಲ.
ಅಮೀನ ಜಿಲ್ಲೆಯ ಗಡಿ ದಾಟುವಂತಿಲ್ಲ.
ಬ್ಯಾಂಕಿನಲ್ಲಿ ಅವನದೊಂದು ಹಳೇ ಖಾತೆ, ಒಂಬತ್ತು ಡಾಲರ್ ಚಿಲ್ಲರೆ;
ಅದನ್ನು ಹಿಡಿಸಲು ಶುಲ್ಕ ಐವತ್ತೈದು.
ಪಕ್ಕದ ಮನೆಯಾಕೆ ಅಂದಳು, "ಪಶ್ಚಿಮಕ್ಕೆ ಹೋದರು ಕಣೆ."
ಪಶ್ಚಿಮ ಎಂದರೆ ಎಷ್ಟು ಊರು!

ನಾಲ್ಕನೇ ವರ್ಷ, ಮಾರ್ಚ್. ಕೈತುಂಬ ಅಂಟು. ಫೋನು.
"ಐಡಹೋದಿಂದ, ಪೊಕಟೆಲ್ಲೋ ಅಂತ ಊರು.
ಎಜೆಕಿಯೆಲ್ ಆರ್ಚುಲೆಟಾ, ನಾನೂ ಶ್ರುತಿ ಮಾಡುವವನೇ.
ಒಂದು ಪಿಯಾನೋ ಬಿಚ್ಚಿಕೊಂಡು ಕೂತಿದ್ದೇನೆ.
ಮೊದಲ ಮನೆಯ ಪಕ್ಕೆಗೆ ಪೆನ್ಸಿಲಿನಲ್ಲಿ
ನಿಮ್ಮ ಹೆಸರು, ತಾರೀಖು, ಈ ನಂಬರು.
ಇಂಥ ಕೈಕೆಲಸ ನೋಡಿ ಬಹಳ ವರ್ಷವಾಗಿತ್ತು ತಾಯಿ,
ಹೇಳದೆ ಇರಲಾಗಲಿಲ್ಲ."

ಮಾತು ಹೊರಡಲಿಲ್ಲ.
ಇಷ್ಟು ದಿನ ನಾನು ಅವನನ್ನು ಹುಡುಕಿದೆ,
ನನ್ನ ಹೆಸರು ಅವನ ಮನೆಯಲ್ಲೇ ಕೂತಿತ್ತು,
ಬೆರಳು ಅಪರೂಪಕ್ಕೆ ತಲುಪುವ ಎಡ ತುದಿಯಲ್ಲಿ.

ಕೇಳಬೇಕಾದ್ದು ವಿಳಾಸ. ಕೇಳಿದ್ದು:
"ಮಧ್ಯದ ಶ್ರುತಿ ನಿಂತಿದೆಯಾ? ಅಲ್ಲಿ ಗಾಳಿ ಒಣ, ಅಲ್ಲವೆ?"
"ಕೂದಲೆಳೆಯಷ್ಟು ಇಳಿದಿದೆ. ಬಿರುಕು ಬಾಯಿ ಬಿಟ್ಟಿಲ್ಲ."
ಆಮೇಲೆ ವಿಳಾಸ ಕೇಳಿದೆ. ಯಾಕೆಂದೂ ಹೇಳಿದೆ.
ಆ ಕಡೆ ಬಹಳ ಹೊತ್ತು ಏನೂ ಇಲ್ಲ,
ಒಂದು ತಂತಿ ಮೀಟಿ ಬಿಟ್ಟ ಸದ್ದು.
"ನನಗೂ ಈಗಷ್ಟೇ ಚೆಕ್ಕು ಬರೆದುಕೊಟ್ಟ," ಅಂದ.

ಮುದ್ರೆಯೊತ್ತಿದ ನಕಲು ಅಂಚೆಗೆ ಬಿದ್ದಿದೆ.
ಅಲ್ಲಿನ ಕೋರ್ಟಿನಲ್ಲಿ ಅದು ಇನ್ನೊಮ್ಮೆ ಹುಟ್ಟಬೇಕಂತೆ:
ಹೊಸ ನಂಬರು, ಹೊಸ ನೋಟೀಸು, ಮತ್ತೆ ಕಾಯುವುದು.
ಟೈರ್ ಅಂಗಡಿಯಲ್ಲಿ ಕೆಲಸವಂತೆ ಅವನಿಗೆ.
ಸಂಬಳದಲ್ಲಿ ಹಿಡಿಯಿರಿ ಎಂದು ಬರೆದಿದ್ದೇನೆ, ಎಷ್ಟು ತಿಂಗಳಾದರೂ ಸರಿ.
ಪಿಯಾನೋ ಜಪ್ತಿ ಬೇಡ.
ಕರುಣೆಯೇನಲ್ಲ.
ಅಮೀನನ ಆಳುಗಳಿಗೆ ಅದನ್ನು ಯಾವ ಕಡೆಯಿಂದ ಎತ್ತಬೇಕೆಂದು
ಗೊತ್ತಿರುವುದಿಲ್ಲ.